ಕರಗುತ್ತಲೇ ಕಾಯುವುದು

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನಗಳ ಈ ನಿಷೇಧದಲ್ಲಿ 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗಷ್ಟೇ ವಿನಾಯಿತಿ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ, ಮಂಗಳೂರಿನ ಧಕ್ಕೆ, ಎಲ್ಲಿ ನೋಡಿದರೂ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ರಿಪೇರಿಗೆ ಸರದಿ ಬಂದವು ದಡ ಹತ್ತಿ ಮರದ ದಿಮ್ಮಿಗಳ ಮೇಲೆ ಕೂರುತ್ತವೆ. ಮೀನಿನ ಸಂತಾನ ಉಳಿಯಲಿ ಎಂದು ಮಾಡಿದ ನಿಯಮ ಇದು. ಆದರೆ ಬೋಟಿನ ಆಯುಷ್ಯ ಎಷ್ಟು ಎನ್ನುವುದೂ ಬಹುಪಾಲು ಇದೇ ಎರಡು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ದಡ ಹತ್ತಿದ ಬೋಟಿನ ತಳವನ್ನು ಬಗ್ಗಿ ನೋಡಬೇಕು. ನೀರಗೆರೆಯ ಬಳಿ ಬಿಸಿಲು ಬೀಳುವಷ್ಟು ಎತ್ತರದಲ್ಲಿ ಹಸಿರು ಪಾಚಿ ಎಳೆಎಳೆಯಾಗಿ ಜೋತುಬಿದ್ದಿರುತ್ತದೆ. ಅದರ ಕೆಳಗೆ ಕಂದು ಲೋಳೆ. ಇನ್ನೂ ಕೆಳಗೆ, ಬಣ್ಣ ಸವೆದ ಕಡೆಗಳಲ್ಲಿ, ಬಾರ್ನಕಲ್‌ಗಳ ಬಿಳಿ ಗುಂಪು. ಅಂಗೈ ಸವರಿದರೆ ಚರ್ಮ ಕಿತ್ತುಬರುವಷ್ಟು ಹರಿತ. ಕೀಲ್‌ನ ಅಡಿ, ಅಂದರೆ ಕಳೆದ ವರ್ಷ ದಿಮ್ಮಿಯ ಮೇಲೆ ಕುಳಿತಿದ್ದರಿಂದ ಕುಂಚ ತಾಗದೆ ಉಳಿದ ಜಾಗ, ಬೇರೆಲ್ಲ ಕಡೆಗಿಂತ ದಟ್ಟವಾಗಿ ತುಂಬಿರುತ್ತದೆ. ಹಿಂಬದಿಯಲ್ಲಿ ಫ್ಯಾನ್ (ಪ್ರೊಪೆಲ್ಲರ್) ಮತ್ತು ಚುಕ್ಕಾಣಿ. ಚುಕ್ಕಾಣಿಗೆ ಬೋಲ್ಟ್ ಮಾಡಿದ ಸತುವಿನ ಗಟ್ಟಿ ಹೋದ ಆಗಸ್ಟ್‌ನಲ್ಲಿ ಚೌಕನಾಗಿದ್ದದ್ದು ಈಗ ಅಂಚೆಲ್ಲ ತಿಂದುಹೋಗಿ, ಬೂದುಬಣ್ಣದ ಪುಡಿ ಮೆತ್ತಿಕೊಂಡು, ಅರ್ಧವೂ ಉಳಿದಿರುವುದಿಲ್ಲ. ಹತ್ತು ತಿಂಗಳು ನೀರಿನಡಿ ನಡೆದ ಜೀವಶಾಸ್ತ್ರ ಮತ್ತು ವಿದ್ಯುತ್‌ರಸಾಯನಶಾಸ್ತ್ರವೆರಡೂ ಅಲ್ಲಿ ಒಟ್ಟಿಗೆ ಕಾಣುತ್ತವೆ.

ಜೀವದ ಕಡೆಯಿಂದ ಆರಂಭಿಸೋಣ. ಯಾವುದೇ ಹೊಸ ವಸ್ತುವನ್ನು ಕಡಲಿಗೆ ಇಳಿಸಿದ ಕೆಲವೇ ನಿಮಿಷಗಳಲ್ಲಿ ನೀರಲ್ಲಿ ಕರಗಿರುವ ಪ್ರೋಟೀನು, ಸಕ್ಕರೆಗಳ ಕಣ್ಣಿಗೆ ಕಾಣದ ಪದರವೊಂದು ಅದಕ್ಕೆ ಹತ್ತುತ್ತದೆ. ಗಂಟೆಗಳೊಳಗೆ ಬ್ಯಾಕ್ಟೀರಿಯಾ ಬಂದು ನೆಲೆಸುತ್ತವೆ. ಹಿಂದೆಯೇ ಡಯಾಟಮ್ ಎಂಬ ಏಕಕೋಶ ಪಾಚಿಗಳು ಬರುತ್ತವೆ. ಕೈಗೆ ಜಾರುವ ಆ ಕಂದು ಲೋಳೆ ಇವೆಲ್ಲ ಸೇರಿ ಕಟ್ಟಿಕೊಂಡದ್ದು. ಅದರ ಮೇಲೆ ಪಾಚಿಯ ಬೀಜಕಗಳೂ ಬಾರ್ನಕಲ್, ಪಚ್ಚಿಲೆಗಳ ಮರಿಗಳೂ ಬಂದು ಇಳಿಯುತ್ತವೆ.

ಬಾರ್ನಕಲ್‌ನ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಚಿಪ್ಪು ನೋಡಿ ಇದನ್ನು ಬಹುಕಾಲ ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳ ಬಳಗಕ್ಕೆ ಸೇರಿಸಿದ್ದರು. ಇದು ಸಿಗಡಿ, ಏಡಿಗಳ ನೆಂಟ ಎಂದು 1830ರಲ್ಲಿ ತೋರಿಸಿಕೊಟ್ಟವನು ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾವೈದ್ಯ ಜಾನ್ ವಾಗನ್ ಥಾಂಪ್ಸನ್. ಅವನು ಅದರ ಈಜುವ ಮರಿಗಳನ್ನು ಹಿಡಿದು, ಅವು ರೂಪ ಬದಲಿಸುವುದನ್ನು ಕಣ್ಣಾರೆ ಕಂಡಿದ್ದ. ಆಮೇಲೆ ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಈ ಜೀವಿಗಳ ಬೆನ್ನುಹತ್ತಿದ.

ಮೊಟ್ಟೆಯೊಡೆದು ಬಂದ ಬಾರ್ನಕಲ್ ಮರಿ ಆರು ಹಂತಗಳಲ್ಲಿ ಪೊರೆ ಕಳಚಿ ಬೆಳೆಯುತ್ತದೆ. ಏಳನೆಯ ರೂಪ ಸಿಪ್ರಿಡ್. ಉದ್ದ ಸುಮಾರು ಅರ್ಧ ಮಿಲಿಮೀಟರ್. ಇದು ಏನನ್ನೂ ತಿನ್ನುವುದಿಲ್ಲ. ಹಿಂದಿನ ಹಂತಗಳಲ್ಲಿ ಕೂಡಿಟ್ಟ ಕೊಬ್ಬು ಮುಗಿಯುವುದರೊಳಗೆ ಜೀವಮಾನಕ್ಕೆಲ್ಲ ಆಗುವ ಒಂದು ಜಾಗ ಹುಡುಕುವುದಷ್ಟೇ ಇದರ ಕೆಲಸ. ತಲೆಯ ಮುಂದಿನ ಎರಡು ಮೀಸೆಗಳಿಂದ ತಳವನ್ನು ಮುಟ್ಟಿ ಮುಟ್ಟಿ ನಡೆಯುತ್ತದೆ. ಇಷ್ಟವಾಗದಿದ್ದರೆ ಬಿಟ್ಟು ಈಜಿಹೋಗುತ್ತದೆ. ನಡೆದಲ್ಲೆಲ್ಲ ಪ್ರೋಟೀನಿನ ಗುರುತು ಬಿಡುತ್ತದೆ. ಹಿಂದೆ ಬರುವ ಸಿಪ್ರಿಡ್‌ಗೆ ಅದು ಕರೆ. ಒಂದೆರಡು ಬಾರ್ನಕಲ್ ಅಂಟಿದ ಜಾಗದಲ್ಲಿ ಕಾಲೋನಿಯೇ ಏಳುವುದು ಇದರಿಂದ. ಕೂತ ಜಾಗ ಬಿಟ್ಟೇಳದ ಪ್ರಾಣಿಗೆ ಸಂಗಾತಿ ಕೈಗೆಟಕುವ ದೂರದಲ್ಲೇ ಇರಬೇಕಲ್ಲ! ಜಾಗ ಒಪ್ಪಿಗೆಯಾದರೆ ಅದೇ ಮೀಸೆಗಳಿಂದ ಅಂಟು ಸುರಿಸಿ ತಲೆಕೆಳಗಾಗಿ ನಿಲ್ಲುತ್ತದೆ, ಸುತ್ತ ಸುಣ್ಣದ ಗೋಡೆ ಎಬ್ಬಿಸುತ್ತದೆ, ಬಾಗಿಲಿಂದ ಗರಿಯಂಥ ಕಾಲುಗಳನ್ನು ಹೊರಚಾಚಿ ಆಹಾರ ಬಾಚಿಕೊಳ್ಳುತ್ತದೆ. ನಮ್ಮ ಬೆಚ್ಚಗಿನ ನೀರಲ್ಲಿ ಹೇರಳವಾಗಿರುವ ಆಂಫಿಬಲಾನಸ್ ಆಂಫಿಟ್ರೈಟ್ ಎಂಬ ಜಾತಿ ಕೆಲವೇ ವಾರಗಳಲ್ಲಿ ಮರಿಮಾಡುವಷ್ಟು ಬೆಳೆಯುತ್ತದೆ. ಇದರ ಅಡಿಗಟ್ಟೂ ಸುಣ್ಣದ್ದೇ. ಕೆರೆದು ತೆಗೆದ ಮೇಲೂ ತಳದಲ್ಲಿ ಬಿಳಿ ವೃತ್ತಗಳು ಉಳಿಯುತ್ತವಲ್ಲ, ಅದು ಈ ಅಡಿಗಟ್ಟು. ಅದನ್ನು ಹಾಗೇ ಬಿಟ್ಟು ಬಣ್ಣ ಬಳಿದರೆ ಬಣ್ಣವೂ ಅದರೊಂದಿಗೇ ಉದುರುತ್ತದೆ.

ಇಷ್ಟು ಚಿಕ್ಕ ಪ್ರಾಣಿ ಬೋಟಿಗೆ ಏನು ಮಾಡೀತು? 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿ, ವಾರ್ನಿಷ್ ಬಳಿದ, ಬಟ್ಟೆ ಹೊದಿಸಿದ, ಮರಳು ಅಂಟಿಸಿದ ಹಲಗೆಗಳನ್ನು ನೀರಲ್ಲಿ ಎಳೆಸಿ, ತಗಲುವ ಬಲವನ್ನು ಅಳೆದ. ಮೈ ಒರಟಾದಷ್ಟೂ ನೀರಿನ ತಡೆ ಜೋರಾಗಿ ಏರುತ್ತದೆ ಎಂದು ಅಂಕಿಗಳಲ್ಲಿ ತೋರಿಸಿದ. ಈ ಲೆಕ್ಕವನ್ನು ನಮ್ಮ ಕಾಲದಲ್ಲಿ ಮುಂದುವರಿಸಿದವರು ಅಮೆರಿಕದ ನೌಕಾ ಅಕಾಡೆಮಿಯ ಮೈಕೆಲ್ ಶುಲ್ಟ್ಸ್. 2007ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಫ್ರಿಗೇಟ್ ಹಡಗೊಂದು 15 ನಾಟ್ ವೇಗ ಕಾಯ್ದುಕೊಳ್ಳಲು ದಪ್ಪ ಲೋಳೆ ಕಟ್ಟಿದ್ದರೆ ಶೇ. 21ರಷ್ಟು, ಬಾರ್ನಕಲ್ ದಟ್ಟವಾಗಿ ಮುತ್ತಿದ್ದರೆ ಶೇ. 86ರಷ್ಟು ಹೆಚ್ಚು ಶಕ್ತಿ ಬೇಕು. ಬರಿಯ ಲೋಳೆಗೇ ಐದನೇ ಒಂದು ಪಾಲು! ಚಿಪ್ಪು ಕಾಣುತ್ತಿಲ್ಲ, ತಳ ಚೊಕ್ಕಟವಾಗಿದೆ ಎಂದುಕೊಳ್ಳುವವರು ಈ ಅಂಕಿಯನ್ನು ಮನಸ್ಸಲ್ಲಿಟ್ಟುಕೊಳ್ಳಬೇಕು. ಮೀನುಗಾರಿಕೆಯ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್‌ನದ್ದು.

ಬಾರ್ನಕಲ್ ಹೊರಗೆ ಕೂತು ಕಾಡಿದರೆ ಹಡಗುಹುಳು ಮರದೊಳಗೇ ಹೊಗುತ್ತದೆ. ಹುಳು ಎಂದರೂ ಇದು ಮರುವಾಯಿಯ ಜಾತಿ. ಎರಡು ಚಿಪ್ಪುಗಳು ಕುಗ್ಗಿ ತಲೆಯ ತುದಿಯಲ್ಲಿ ಮರ ಕೊರೆಯುವ ಉಳಿಗಳಾಗಿವೆ. ಸೂಜಿಮೊನೆಯಷ್ಟು ತೂತಿನಲ್ಲಿ ಒಳಹೊಕ್ಕು, ಒಳಗೇ ಬೆಳೆದು, ಹಲಗೆಯ ಉದ್ದಕ್ಕೂ ಸುರಂಗ ಹೊಡೆಯುತ್ತದೆ. ಕೊರೆದಲ್ಲೆಲ್ಲ ಸುಣ್ಣದ ಗಿಲಾವು ಮಾಡುತ್ತದೆ. ಅದರ ಕಿವಿರುಗಳಲ್ಲಿರುವ ಬ್ಯಾಕ್ಟೀರಿಯಾ ಮರವನ್ನು ಅರಗಿಸುವ ಕಿಣ್ವಗಳನ್ನೂ ಕೊಡುತ್ತವೆ, ಸಾರಜನಕವನ್ನೂ ಕೂಡಿಸಿಕೊಡುತ್ತವೆ. ಲಂಡನ್ನಿನ ಥೇಮ್ಸ್ ನದಿಯಡಿ 1825ರಿಂದ 1843ರವರೆಗೆ ಸುರಂಗ ತೋಡಿಸಿದ ಮಾರ್ಕ್ ಬ್ರೂನೆಲ್‌ಗೆ ಅಗೆಯುವ ವಿಧಾನ ಹೊಳೆದದ್ದು ಇದರಿಂದಲೇ. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು, ಅನುಮಾನ ಬಂದಲ್ಲಿ ಮೊನಚು ಕಡ್ಡಿ ಚುಚ್ಚಬೇಕು.

ನಮ್ಮ ಮಳೆಗಾಲ ಇಲ್ಲಿ ಒಂದು ದೊಡ್ಡ ಉಪಕಾರ ಮಾಡುತ್ತದೆ. ನೇತ್ರಾವತಿ, ಗುರುಪುರ ಹೊಳೆ, ಪಂಚಗಂಗಾವಳಿಗಳು ತುಂಬಿ ಹರಿಯುವಾಗ ಅಳಿವೆಯ ಮೇಲ್ನೀರು ಬಹುತೇಕ ಸಿಹಿಯಾಗಿಬಿಡುತ್ತದೆ. ಉಪ್ಪಿಲ್ಲದ ನೀರು ತಾಗಿದೊಡನೆ ಬಾರ್ನಕಲ್ ಬಾಗಿಲು ಮುಚ್ಚಿ ಕೆಲವು ದಿನ ತಾಳುತ್ತದೆ. ವಾರಗಟ್ಟಲೆ ಆದರೆ ಸಾಯುತ್ತದೆ. ಹಡಗುಹುಳು ಇನ್ನೂ ಗಟ್ಟಿ. ತೂತಿಗೆ ಬಿರಟೆ ಹಾಕಿಕೊಂಡು, ಮೈಯಲ್ಲಿ ಕೂಡಿಟ್ಟ ಗ್ಲೈಕೋಜೆನ್ ತಿನ್ನುತ್ತ ಆರು ವಾರದ ತನಕ ಬದುಕಬಲ್ಲದು. ಅಂದರೆ ಮರದ ಬೋಟನ್ನು ಹದಿನೈದು ದಿನ ದಡದಲ್ಲಿಟ್ಟು, ಬಣ್ಣ ಬಳಿದು ಇಳಿಸಿದರೆ ಹುಳು ಒಳಗೆ ಜೀವಂತವಾಗಿಯೇ ಇರಬಹುದು. ನಿಷೇಧದ ಅಷ್ಟೂ ದಿನ ಉಪ್ಪುನೀರು ತಾಗದಂತೆ ಇಟ್ಟರೆ ಅದರ ಗಡುವು ದಾಟಿಹೋಗುತ್ತದೆ. ಬೋಟನ್ನು ಬೇಗ ದಡಕ್ಕೆ ಎಳೆಯಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಹುಳುವಿನ ಕಾಟಕ್ಕೆ ತಾಮ್ರದ ತಗಡು ಹೊದಿಸುವ ಉಪಾಯವನ್ನು ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ಮೇಲೆ ಪ್ರಯೋಗಿಸಿತು. ವೆಸ್ಟ್ ಇಂಡೀಸ್ ಸುತ್ತಿ ಬಂದ ಹಡಗನ್ನು ನೋಡಿದರೆ ಹುಳುವೂ ಇಲ್ಲ, ಬಾರ್ನಕಲ್ಲೂ ಇಲ್ಲ. ಆದರೆ ತಾಮ್ರಕ್ಕೆ ತಾಗಿಕೊಂಡಿದ್ದ ಕಬ್ಬಿಣದ ಮೊಳೆ, ಬೋಲ್ಟುಗಳು ಕರಗಿಹೋಗಿದ್ದವು. ತಗಡು ಸುತ್ತಿ ತಂದಿದ್ದ ಕಂದು ಕಾಗದದ ಚೂರು ನಡುವೆ ಸಿಕ್ಕಿಕೊಂಡಿದ್ದ ಕಡೆ ಮಾತ್ರ ಕಬ್ಬಿಣ ನೆಟ್ಟಗಿತ್ತು. ಕಾರಣ ಈಗ ನಮಗೆ ಗೊತ್ತು. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ಮುಳುಗಿದರೆ ಅದು ವಿದ್ಯುತ್ ಕೋಶ. ಎಲೆಕ್ಟ್ರಾನ್ ಬಿಟ್ಟುಕೊಡಲು ಹೆಚ್ಚು ತಯಾರಿರುವ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಕಾಗದ ವಿದ್ಯುತ್ತಿನ ದಾರಿಯನ್ನು ಕಡಿದಿತ್ತು.

ಅರವತ್ತು ವರ್ಷಗಳ ನಂತರ ತಾಮ್ರವೂ ಸವೆಯುತ್ತದಲ್ಲ ಎಂಬ ಚಿಂತೆಯಿಂದ ನೌಕಾಪಡೆ ರಸಾಯನವಿಜ್ಞಾನಿ ಹಂಫ್ರಿ ಡೇವಿಯನ್ನು ಕೇಳಿತು. ಕಾರಣ ತಿಳಿದವನಿಗೆ ಉತ್ತರ ದೊಡ್ಡದಾಗಿರಲಿಲ್ಲ: ತಾಮ್ರಕ್ಕಿಂತ ಸುಲಭವಾಗಿ ಕರಗುವ ಲೋಹವೊಂದನ್ನು ಅದಕ್ಕೆ ಜೋಡಿಸಿ. ಬಟಾಣಿಯಷ್ಟು ಸತು ನಲವತ್ತು ಐವತ್ತು ಚದರಂಗುಲ ತಾಮ್ರವನ್ನು ಕಾಯುತ್ತದೆ ಎಂದು 1824ರಲ್ಲಿ ಅವನು ರಾಯಲ್ ಸೊಸೈಟಿಗೆ ವರದಿ ಮಾಡಿದ. ಪರೀಕ್ಷೆಗೆ ಸಿಕ್ಕ ಹಡಗುಗಳಲ್ಲಿ ಒಂದು ‘ಸಮರಾಂಗ್’. ನಮ್ಮ ಇದೇ ಪಡುವಣ ಕರಾವಳಿಯ ಕೊಚ್ಚಿಯಲ್ಲಿ ತೇಗದಿಂದ ಕಟ್ಟಿದ ಹಡಗು. ಅದಕ್ಕೆ ಎರಕದ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ ಅಟ್ಲಾಂಟಿಕ್ ದಾಟಿಸಿದರು. ತಾಮ್ರ ಸವೆಯಲಿಲ್ಲ. ಡೇವಿಯ ಸಿದ್ಧಾಂತ ಅಕ್ಷರಶಃ ನಿಜವಾಯಿತು. ಆದರೆ ಹೀಗೆ ಕಾಪಾಡಿದ ಹಡಗುಗಳ ತಳದಲ್ಲಿ ಪಾಚಿ, ಬಾರ್ನಕಲ್ ಧಾರಾಳವಾಗಿ ಬೆಳೆದವು! ತಾಮ್ರ ಇಷ್ಟು ಕಾಲ ಜೀವಿಗಳನ್ನು ದೂರವಿಟ್ಟಿದ್ದು ತಾನು ಸ್ವಲ್ಪಸ್ವಲ್ಪವೇ ಕರಗಿ ವಿಷ ಬಿಡುತ್ತಿದ್ದುದರಿಂದ. ಕರಗುವುದನ್ನು ನಿಲ್ಲಿಸಿದೊಡನೆ ಅದರ ಕಾವಲೂ ನಿಂತುಹೋಯಿತು. ನೌಕಾಪಡೆ ಡೇವಿಯ ಗಟ್ಟಿಗಳನ್ನು ಬಿಚ್ಚಿಸಿತು.

ಬೋಟಿನ ತಳದ ವಿಜ್ಞಾನವೆಲ್ಲ ಈ ಪ್ರಸಂಗದಲ್ಲಿದೆ ಎಂದು ನನಗನ್ನಿಸುತ್ತದೆ. ನೀರಿನಡಿ ಕಾಯುವ ಪ್ರತಿಯೊಂದೂ ತಾನು ಖರ್ಚಾಗುತ್ತಲೇ ಕಾಯುತ್ತದೆ. ಹಾಗಾಗಿ ವರ್ಷವರ್ಷ ಚುಕ್ಕಾಣಿಯ ಸತುವಿನ ಗಟ್ಟಿ, ಅಂದರೆ ಜಿಂಕ್ ಬದಲಿಸಬೇಕಾಗುವುದು, ಬಣ್ಣ ಬಳಿಯಬೇಕಾಗುವುದು ಸರಕು ಕಳಪೆ ಎಂಬುದರ ಗುರುತಲ್ಲ. ಹತ್ತು ತಿಂಗಳ ನಂತರವೂ ಹೊಸದರಂತೆ ಇರುವ ಜಿಂಕ್ ಗಟ್ಟಿಯನ್ನು ಕಂಡು ಹಣ ಉಳಿಯಿತು ಎಂದು ಸಂತೋಷಪಡುವವರಿದ್ದಾರೆ. ಅವರು ಗಾಬರಿಪಡಬೇಕು, ಅದು ಕೆಲಸವನ್ನೇ ಮಾಡಿಲ್ಲ, ಅದರ ಪಾಲಿನ ತುಕ್ಕು ಇನ್ನೆಲ್ಲೋ ಆಗಿದೆ. ಕಾರಣಗಳು ಸಾಮಾನ್ಯವಾಗಿ ಮೂರರಲ್ಲೊಂದು: ಬಣ್ಣ ಬಳಿಯುವವರು ಅದರ ಮೇಲೂ ಕುಂಚ ಆಡಿಸಿದ್ದಾರೆ, ಇಲ್ಲವೇ ಬಣ್ಣದ ಪದರದ ಮೇಲೆಯೇ ಬೋಲ್ಟ್ ಬಿಗಿದಿದ್ದರಿಂದ ಲೋಹಕ್ಕೆ ಲೋಹ ತಾಗಿಲ್ಲ, ಇಲ್ಲವೇ ಗುಜರಿ ಸತು ಕರಗಿಸಿ ಎರಕ ಹೊಯ್ದದ್ದು. ಸತುವಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪ ಬೆರೆತರೂ ಅದರ ಮೈಮೇಲೆ ಗಟ್ಟಿ ಹೊರಪದರ ಕಟ್ಟಿ ಕರಗುವುದು ನಿಲ್ಲುತ್ತದೆ.

ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಒಂದನ್ನು ನೀರಿಗಿಳಿಸಿ ಮಲ್ಟಿಮೀಟರ್ ಹಿಡಿದರೆ ಜಿಂಕ್ ಕೆಲಸ ಮಾಡುತ್ತಿದೆಯೇ ಎಂದು ಅಳೆದೇ ನೋಡಬಹುದು. ಕಾವಲಿಲ್ಲದ ಉಕ್ಕು ಸುಮಾರು ಮೈನಸ್ 0.6 ವೋಲ್ಟ್ ತೋರಿಸುತ್ತದೆ. ಸತು ಮೈನಸ್ 1.03ರ ಹತ್ತಿರ. ಜಿಂಕ್ ಜೋಡಿಸಿದ ಉಕ್ಕಿನ ಬೋಟು ಮೈನಸ್ 0.8ಕ್ಕಿಂತ ಕೆಳಗಿದ್ದರೆ ಸುರಕ್ಷಿತ. ಮರದ ಬೋಟಿಗೆ ಮಾತ್ರ ಇದೇ ಲೆಕ್ಕ ಹಾಕಿ ಗಟ್ಟಿಗಳನ್ನು ಪೇರಿಸಬಾರದು. ಜಿಂಕ್ ಹೆಚ್ಚಾದರೆ ಕಾಪಾಡಲ್ಪಡುವ ಬೋಲ್ಟಿನ ಸುತ್ತ ಕ್ಷಾರ ಹುಟ್ಟಿ ಮರದ ಲಿಗ್ನಿನ್ ಅನ್ನು ಕರಗಿಸುತ್ತದೆ. ಬೋಲ್ಟು ಫಳಫಳ ಹೊಳೆಯುತ್ತಿರುತ್ತದೆ, ಅದನ್ನು ಹಿಡಿದ ಮರ ನಾರುನಾರಾಗಿರುತ್ತದೆ. ಬೋಲ್ಟಿನ ತಲೆಯ ಸುತ್ತ ಬಿಳಿ ಹಿಟ್ಟಿನಂಥ ಪುಡಿ ಕಂಡರೆ ಜಿಂಕ್ ಕಡಿಮೆ ಮಾಡಿ.

ಫ್ಯಾನ್‌ಗಳಲ್ಲಿ ಹಲವು ‘ಮ್ಯಾಂಗನೀಸ್ ಕಂಚು’ ಎಂದು ಮಾರುವ ಲೋಹದವು. ಅದರಲ್ಲಿ ಶೇ. 40ರ ಆಸುಪಾಸು ಸತುವೇ ಇರುತ್ತದೆ. ಹೊರಗಿನ ಜಿಂಕ್ ಮುಗಿದರೆ ಸಮುದ್ರ ಈ ಒಳಗಿನ ಸತುವನ್ನು ಎಳೆಯುತ್ತದೆ. ಉಳಿಯುವುದು ಟೊಳ್ಳುಟೊಳ್ಳಾದ ತಾಮ್ರ. ಅಲಗನ್ನು ಸ್ವಲ್ಪ ಉಜ್ಜಿ ನೋಡಿ: ಹಳದಿ ಬಂದರೆ ಸರಿ, ಗುಲಾಬಿ ಛಾಯೆ ಬಂದರೆ ರೋಗ ಹಿಡಿದಿದೆ. ತಟ್ಟಿದರೆ ಗಂಟೆಯ ನಾದ ಬರಬೇಕು. ಅಲಗಿನ ಒಂದೇ ಭಾಗದಲ್ಲಿ ಗುಳಿಗುಳಿಯಾಗಿ ಕೊರೆದುಹೋಗಿದ್ದರೆ ಅದು ತುಕ್ಕಲ್ಲ, ಗುಳ್ಳೆಗಳ ಹೊಡೆತ. ಅಲಗು ಜೋರಾಗಿ ತಿರುಗುವಾಗ ಒಂದು ಮೈಯಲ್ಲಿ ಒತ್ತಡ ಕುಸಿದು, ನೀರು ತಣ್ಣಗಿರುವಾಗಲೇ ಆವಿಯಾಗಿ ಗುಳ್ಳೆಯೇಳುತ್ತದೆ. ಮರುಗಳಿಗೆ ಗುಳ್ಳೆ ಕುಸಿದು ಲೋಹಕ್ಕೆ ಗುದ್ದುತ್ತದೆ. ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ತನ್ನ ಟರ್ಬೈನ್ ಹಡಗು ‘ಟರ್ಬಿನಿಯಾ’ಕ್ಕೆ ವೇಗವೇ ಬರದೆ ಒದ್ದಾಡಿದ್ದು ಇದರಿಂದಲೇ. ಒಂದರ ಬದಲು ಮೂರು ಶಾಫ್ಟ್‌ಗಳಿಗೆ ಒಂಬತ್ತು ಫ್ಯಾನ್ ಹಾಕಿ ಹೊರೆ ಹಂಚಿದ ಮೇಲೆ 1897ರಲ್ಲಿ ಅದು ಓಡಿತು. ಬೋಟಿನ ಮಟ್ಟಿಗೆ ಹೇಳುವುದಾದರೆ, ಬಾಗಿದ ಅಂಚು, ಬಲೆ ಸಿಕ್ಕಿ ಚಿಪ್ಪೆದ್ದ ತುದಿ, ಅಲಗಿಗೆ ಅಂಟಿದ ಒಂದೇ ಒಂದು ಬಾರ್ನಕಲ್ ಕೂಡ ಗುಳ್ಳೆಗೆ ದಾರಿ ಮಾಡುತ್ತದೆ.

ಇನ್ನು ಬಣ್ಣ. ತಳಕ್ಕೆ ಬಳಿಯುವ ಕೆಂಪು ಬಣ್ಣದ ಜೀವಾಳ ಕ್ಯೂಪ್ರಸ್ ಆಕ್ಸೈಡ್, ತಾಮ್ರದ ಕೆಂಪು ಪುಡಿ. ಅದನ್ನು ಹಿಡಿದಿಡುವ ಅಂಟಿನಲ್ಲಿ ಪೈನ್ ಮರದ ರಾಳವಿರುತ್ತದೆ. ಕಡಲ ನೀರು ತುಸು ಕ್ಷಾರೀಯವಾದ್ದರಿಂದ ರಾಳ ನಿಧಾನ ಕರಗುತ್ತ, ತಾಮ್ರ ಹೊರಬರುತ್ತಿರುತ್ತದೆ. ಬಾರ್ನಕಲ್ ಕೂರದಿರಬೇಕಾದರೆ ಒಂದು ಚದರ ಸೆಂಟಿಮೀಟರ್‌ನಿಂದ ದಿನಕ್ಕೆ ಸುಮಾರು 10 ಮೈಕ್ರೋಗ್ರಾಂ ತಾಮ್ರ ಹೊರಬರಬೇಕು. ನೀರಡಿಯ ಮೈ 100 ಚದರ ಮೀಟರ್ ಇರುವ ಬೋಟಿಗೆ ಇದು ದಿನಕ್ಕೆ 10 ಗ್ರಾಂ, 300 ದಿನಕ್ಕೆ 3 ಕಿಲೋ. ತೆಳುವಾಗಿ ಎಳೆದು ಡಬ್ಬ ಉಳಿಸಿದವರ ಬೋಟಿನಲ್ಲಿ ಈ ದಾಸ್ತಾನು ಜನವರಿಗೇ ಬರಿದಾಗಿರುತ್ತದೆ. ಅಡಿಯ ಕೋಟಿಗೆ ಒಂದು ಬಣ್ಣ, ಮೇಲಿನದಕ್ಕೆ ಬೇರೆ ಬಣ್ಣ ಹಾಕಿದರೆ ಎಲ್ಲಿ ಎಷ್ಟು ಸವೆಯಿತು ಎಂದು ಮುಂದಿನ ಜೂನ್‌ನಲ್ಲಿ ತಳವೇ ಹೇಳುತ್ತದೆ. ಅಲ್ಯೂಮಿನಿಯಂ ದೋಣಿಗೆ ತಾಮ್ರದ ಬಣ್ಣ ಬಳಿಯಲೇಬಾರದು. ‘ಅಲಾರ್ಮ್’ನ ಮೊಳೆಗಳಿಗೆ ಆದದ್ದೇ ಇಡೀ ಮೈಗೆ ಆಗುತ್ತದೆ.

ತಾಮ್ರಕ್ಕಿಂತ ಉಗ್ರವಾದದ್ದನ್ನೂ ಜಗತ್ತು ನೋಡಿದೆ. 1960ರ ದಶಕದಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತ ಬಂತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ ಬಣ್ಣ ಇನ್ನೊಂದಿರಲಿಲ್ಲ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ, ಮರಿಗಳೇ ಇಲ್ಲದಂತಾದಾಗ ಕಾರಣ ಇದೆಂದು ತಿಳಿಯಿತು. ಲೀಟರಿಗೆ ಒಂದೆರಡು ನ್ಯಾನೋಗ್ರಾಂ ಇದ್ದರೂ ಕೆಲವು ಕಡಲಬಸವನಹುಳುಗಳ ಹೆಣ್ಣುಗಳಲ್ಲಿ ಗಂಡಿನ ಅಂಗ ಮೂಡುತ್ತಿತ್ತು. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರಲ್ಲಿ ಜಾರಿಗೆ ಬಂತು. ಹಳೆ ಬಂದರುಗಳ ಕೆಸರಿನಲ್ಲಿ ಅದರ ಅಂಶ ಇನ್ನೂ ಕೂತಿದೆ. ತಾಮ್ರವೂ ನಿರಪಾಯಕಾರಿಯಲ್ಲ: ಲೀಟರಿಗೆ 10 ಮೈಕ್ರೋಗ್ರಾಂ ಆಸುಪಾಸು ಇದ್ದರೆ ಪಚ್ಚಿಲೆಯ ಭ್ರೂಣಗಳು ಸರಿಯಾಗಿ ಬೆಳೆಯುವುದಿಲ್ಲ. ಅಳಿವೆಯಲ್ಲಿ ಮರುವಾಯಿ ಹೆಕ್ಕಿ ಜೀವನ ಮಾಡುವವರು ಬೋಟು ಕೆರೆಯುವ ಜಾಗದಿಂದ ದೂರವೇನೂ ಇರುವುದಿಲ್ಲ. ಕೆರೆದ ಹಳೆ ಬಣ್ಣದ ಪುಡಿಯನ್ನು ಮಳೆನೀರಿಗೆ ಬಿಡಬೇಡಿ. ಕೆಳಗೆ ಟಾರ್ಪಾಲು ಹಾಸಿ, ಗುಡಿಸಿ, ಗೋಣಿಯಲ್ಲಿ ಕಟ್ಟಿಡಿ. ಇದನ್ನು ನಾನು ಕೇಳಿಕೊಳ್ಳುತ್ತಿದ್ದೇನೆ ಎಂದೇ ತಿಳಿಯಿರಿ. ಒಣ ಬಣ್ಣವನ್ನು ಉಜ್ಜದೆ ನೀರು ಹಾಕಿ ಉಜ್ಜಿದರೆ ಉಜ್ಜುವವನ ಶ್ವಾಸಕೋಶಕ್ಕೂ ಒಳ್ಳೆಯದು.

ಕೆರೆಯುವ ಕೆಲಸ ಬೋಟು ದಡ ಹತ್ತಿದ ದಿನವೇ ಆಗಬೇಕು. ಒಣಗಿದ ಲೋಳೆ ಮತ್ತು ಬಾರ್ನಕಲ್ ಎರಡೂ ಕಲ್ಲಾಗುತ್ತವೆ. ಬಣ್ಣಕ್ಕೆ ಮಾತ್ರ ಅವಸರ ಸಲ್ಲದು. ಲೋಹದ ಮೈ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಬೆಚ್ಚಗಿದ್ದರೆ ಮಾತ್ರ ಬಳಿಯಬೇಕು ಎಂಬುದು ಬಣ್ಣದವರ ನಿಯಮ. ಜುಲೈನ ಒಂದು ಮಾಮೂಲಿ ದಿನ ಉಷ್ಣತೆ 27 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಬಿಂದು 25 ಡಿಗ್ರಿ ದಾಟಿರುತ್ತದೆ. ನಡುವೆ ಉಳಿಯುವುದು ಎರಡೂ ತುಂಬದ ಅಂತರ. ಮಳೆ ಬೀಳದಿದ್ದರೂ ಉಕ್ಕಿನ ಮೈ ಕಣ್ಣಿಗೆ ಕಾಣದಂತೆ ಬೆವರಿರುತ್ತದೆ, ಬಣ್ಣ ಅಕ್ಟೋಬರ್‌ಗೆ ಹೊಪ್ಪಳಿಕೆಯಾಗಿ ಏಳುತ್ತದೆ. ಮೇಲೆ ಟಾರ್ಪಾಲು ಕಟ್ಟಿ, ಬಿಸಿಲು ಬಿದ್ದ ನಡುಹಗಲನ್ನು ಕಾದು ಬಳಿಯಬೇಕು. ಫೈಬರ್ ಹೊದಿಸಿದ ಬೋಟಿಗೆ ಇನ್ನೊಂದು ಪರೀಕ್ಷೆಯಿದೆ. ಅಲ್ಲಲ್ಲಿ ಎದ್ದ ಗುಳ್ಳೆಯನ್ನು ಒಡೆದಾಗ ಹುಳಿ ವಾಸನೆಯ ದ್ರವ ಬಂದರೆ, ನೀರು ರಾಳದೊಳಗೆ ಇಳಿದು, ಅಲ್ಲಿನ ರಾಸಾಯನಿಕಗಳನ್ನು ಕರಗಿಸಿಕೊಂಡು, ಇನ್ನಷ್ಟು ನೀರನ್ನು ಒಳಗೆಳೆಯುತ್ತಿದೆ ಎಂದರ್ಥ. ಮೇಲೆ ಬಳಿದು ಮುಚ್ಚಿದರೆ ಅದು ನಿಲ್ಲದು. ತೆರೆದು, ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು.

ಕಡೆಗೆ ಬೋಟು ನೀರಿಗಿಳಿದ ಮೇಲೆ ಎಂಜಿನ್ ಕೋಣೆಗಿಳಿದು, ಶಾಫ್ಟ್ ಹೊರಹೋಗುವ ಜಾಗ ನೋಡಬೇಕು. ಅಲ್ಲಿ ಹಗ್ಗದ ಪ್ಯಾಕಿಂಗ್ ಇದ್ದರೆ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು. ಆ ನೀರೇ ಪ್ಯಾಕಿಂಗನ್ನು ತಣ್ಣಗಿಡುತ್ತದೆ. ಒಂದು ಹನಿಯೂ ಬಾರದಂತೆ ನಟ್ಟು ಬಿಗಿದರೆ ಪ್ಯಾಕಿಂಗ್ ಸುಟ್ಟು, ಶಾಫ್ಟಿನಲ್ಲಿ ಗೀರು ಬಿದ್ದು, ಮುಂದೆ ಎಷ್ಟು ಬಿಗಿದರೂ ನಿಲ್ಲದ ಸೋರಿಕೆ ಶುರುವಾಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಹನಿ ನಿಂತರೆ ಬಿಗಿ ಸರಿಯಾಗಿದೆ. ಧಾರೆಯಾಗಿ ಬರುತ್ತಿದ್ದರೆ, ಎರಡೂ ನಟ್ಟುಗಳನ್ನು ಸಮವಾಗಿ ಕಾಲು ಸುತ್ತು ಬಿಗಿದು, ಹತ್ತು ನಿಮಿಷ ಓಡಿಸಿ, ಶಾಫ್ಟಿನ ಬಳಿ ಕೈಯಿಟ್ಟು ಬಿಸಿ ಏರಿದೆಯೇ ನೋಡಿ, ಆಮೇಲೆ ಅಳಿವೆ ದಾಟಿ.